ಒಂದೇ ಶುಂಠಿ ಎರಡು ವರ್ಗದಲ್ಲಿ ಏಕೆ?

ಚೀನೀ ವೈದ್ಯದ ಇಂದಿನ ಪಠ್ಯಪುಸ್ತಕ ತೆರೆದರೆ ಹಸಿಶುಂಠಿ ಒಂದು ಅಧ್ಯಾಯದಲ್ಲಿ ಸಿಗುತ್ತದೆ, ಒಣಶುಂಠಿ ಇನ್ನೊಂದರಲ್ಲಿ. ಹಸಿಯದು ಬೆವರಿಳಿಸಿ ನೆಗಡಿ ಬಿಡಿಸುವ ಗುಂಪಿಗೆ, ಒಣಗಿದ್ದು ಹೊಟ್ಟೆಯೊಳಗಿನ ಶೀತ ಕಳೆಯುವ ಗುಂಪಿಗೆ ಸೇರಿದೆ. ಮಾ ಹುವಾಂಗ್ ಗಿಡದ (ಎಫೆಡ್ರಾ) ಕಾಂಡವನ್ನು ಬೆವರು ಬರಿಸಲು ಕೊಟ್ಟರೆ, ಅದರದೇ ಬೇರನ್ನು ಬೆವರು ನಿಲ್ಲಿಸಲು ಕೊಡುತ್ತಾರೆ. ಗಿಡದ ಕುಲಕ್ಕಿಂತ ಅದು ದೇಹದಲ್ಲಿ ಮಾಡುವ ಕೆಲಸಕ್ಕೆ ಇಲ್ಲಿ ಬೆಲೆ.

ಈ ಕ್ರಮ ಮೊದಲಿನಿಂದ ಇದ್ದದ್ದಲ್ಲ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಔಷಧಗ್ರಂಥ 'ಶೆನ್‌ನಾಂಗ್ ಬೆನ್‌ಚಾವ್ ಜಿಂಗ್' ಕೇಳಿದ್ದು ಬೇರೆಯೇ ಪ್ರಶ್ನೆ: ಇದನ್ನು ಎಷ್ಟು ಕಾಲ ತಿನ್ನಬಹುದು? ಅದರಲ್ಲಿನ 365 ದ್ರವ್ಯಗಳಲ್ಲಿ 120 ಮೇಲ್ದರ್ಜೆಯವು, ವಿಷವಿಲ್ಲದ್ದರಿಂದ ಬಹುಕಾಲ ಸೇವಿಸಬಹುದಾದವು. ಮಧ್ಯಮ 120. ಉಳಿದ 125 ಕೆಳದರ್ಜೆಯವು, ರೋಗವಿದ್ದಾಗ ಮಾತ್ರ ಬಳಸಿ ನಿಲ್ಲಿಸಬೇಕಾದವು. ವತ್ಸನಾಭಿಯ ಬಳಗದ ಫೂಜಿಯನ್ನು ಕೆಳಗಿಟ್ಟದ್ದು ಸರಿಯೇ. ಆದರೆ ಪಾದರಸದ ಇಂಗಳೀಕ ಮೇಲ್ದರ್ಜೆಯಲ್ಲಿ ಕುಳಿತಿತ್ತು! ಈಗಿನ ಚೀನೀ ಫಾರ್ಮಾಕೋಪಿಯಾ (ಸರ್ಕಾರಿ ಔಷಧ ಸಂಹಿತೆ) ಅದನ್ನು 0.1ರಿಂದ 0.5 ಗ್ರಾಂಗೆ ಮಿತಗೊಳಿಸಿ, ಕಷಾಯಕ್ಕೆ ಹಾಕಲೇಬಾರದು ಎನ್ನುತ್ತದೆ.

ಕ್ರಿ.ಶ. 500ರ ಸುಮಾರಿಗೆ ಪಂಡಿತ ತಾವ್ ಹಾಂಗ್‌ಜಿಂಗ್ ಈ ದ್ರವ್ಯಗಳ ಪಟ್ಟಿಯನ್ನು 730ಕ್ಕೆ ಏರಿಸಿ ಕಲ್ಲು, ಗಿಡಮರ, ಪ್ರಾಣಿ, ಹಣ್ಣು, ತರಕಾರಿ, ಧಾನ್ಯ ಎಂದು ಮೂಲದ ಪ್ರಕಾರ ವಿಂಗಡಿಸಿದ. ರೋಗಿಯ ಮುಂದೆ ಕುಳಿತ ವೈದ್ಯನಿಗೆ ಇದಷ್ಟೇ ಸಾಲದೆಂದು, ಯಾವ ರೋಗಕ್ಕೆ ಯಾವುವು ಎಂಬ ಪಟ್ಟಿಯನ್ನೂ ಜೋಡಿಸಿದ. ವೈದ್ಯ ಲಿ ಶಿಜೆನ್ 1578ರಲ್ಲಿ ಮುಗಿಸಿದ ಔಷಧಗ್ರಂಥ 'ಬೆನ್‌ಚಾವ್ ಗಾಂಗ್‌ಮು'ವಿನಲ್ಲಿ 1892 ದ್ರವ್ಯ, 16 ವಿಭಾಗ, 60 ಉಪವರ್ಗ. ನೀರಿನಿಂದ ಶುರು, ಮನುಷ್ಯನಲ್ಲಿ ಮುಕ್ತಾಯ.

ವಿಂಗಡಣೆ ಯಾವುದೇ ಇರಲಿ, ಪ್ರತಿ ದ್ರವ್ಯಕ್ಕೂ ನಾಲ್ಕು ಸ್ವಭಾವಗಳಲ್ಲಿ (ಶೀತ, ತಂಪು, ಬೆಚ್ಚಗೆ, ಉಷ್ಣ) ಒಂದನ್ನು, ಐದು ರುಚಿಗಳಲ್ಲಿ ಒಂದೋ ಎರಡೋ ಗುರುತಿಸುವುದುಂಟು. ಆಯುರ್ವೇದದ ಆರನೆಯ ರಸವಾದ ಒಗರನ್ನು ಅಲ್ಲಿ ಹುಳಿಯ ಜೊತೆ ಸೇರಿಸುತ್ತಾರೆ. ಸಂಸ್ಕರಣೆ ಸ್ವಭಾವವನ್ನೇ ಬದಲಿಸುತ್ತದೆ ಎಂಬುದು ನಂಬಿಕೆ. ಹಾಗಾಗಿಯೇ ಹಸಿ ದಿಹುವಾಂಗ್ ಬೇರು ಶೀತವೆಂದು ಉಷ್ಣ ಕಳೆಯುವ ವರ್ಗದಲ್ಲಿದ್ದರೆ, ಮದ್ಯದೊಂದಿಗೆ ಕಪ್ಪಾಗುವವರೆಗೆ ಹಬೆಯಲ್ಲಿ ಬೇಯಿಸಿದ್ದು ರಕ್ತಪುಷ್ಟಿಯ ವರ್ಗಕ್ಕೆ ಜಿಗಿಯುತ್ತದೆ. ಕುದಿಸುವ ಹೊತ್ತೂ ಮುಖ್ಯ. ಫೂಜಿಯನ್ನು ವಿಷ ಇಳಿಯಲೆಂದು ಉಳಿದವುಗಳಿಗಿಂತ ಅರ್ಧದಿಂದ ಒಂದು ಗಂಟೆ ಮೊದಲೇ ಒಲೆಗಿಡಬೇಕು. ವಿರೇಚನಕ್ಕೆ ಬಳಸುವ ರೇವಲ್ಚಿನ್ನಿಯನ್ನು ಕೊನೆಗೆ ಹಾಕಬೇಕು, ಹೆಚ್ಚು ಕುದಿದರೆ ಅದರ ಭೇದಿಶಕ್ತಿ ಕುಂದುತ್ತದೆ.

1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ಡುಗಳಲ್ಲಿ ಚೀನೀ ವೈದ್ಯದ ಸರ್ಕಾರಿ ಕಾಲೇಜುಗಳು ಶುರುವಾದ ಮೇಲೆ, ಪಠ್ಯಗಳಲ್ಲಿ ಕೆಲಸದ ಪ್ರಕಾರದ ವರ್ಗೀಕರಣವೇ ನೆಲೆನಿಂತಿತು. ಕಲಿಸಲು ಅನುಕೂಲ, ನಿಜ. ಆದರೆ ಒಂದೇ ಕೆಲಸದವೆಂದು ಒಂದೇ ಹೆಸರಿನಡಿ ಬೇರೆ ಬೇರೆ ಗಿಡಗಳು ನುಸುಳುವುದಕ್ಕೆ ಅದರಲ್ಲಿ ತಡೆಯಿಲ್ಲ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಫಾಂಗ್‌ಜಿ (ಸ್ಟೆಫಾನಿಯಾ) ಬೇರಿನ ಬದಲು ಗುವಾಂಗ್ ಫಾಂಗ್‌ಜಿ ಸೇರಿತು. ಎರಡನೆಯದು ಅರಿಸ್ಟೊಲೋಕಿಯಾ ಕುಲದ್ದು. ಅದರ ಅರಿಸ್ಟೊಲೋಕಿಕ್ ಆಮ್ಲದಿಂದ ಹಲವು ಮಹಿಳೆಯರ ಮೂತ್ರಪಿಂಡ ಕೆಟ್ಟದ್ದು 1993ರಲ್ಲಿ ವರದಿಯಾಯಿತು. ಚೀನಾ 2003ರಲ್ಲಿ ಅದೇ ಕುಲದ ಗುವಾನ್ ಮುಟಾಂಗನ್ನು, 2004ರಲ್ಲಿ ಗುವಾಂಗ್ ಫಾಂಗ್‌ಜಿಯನ್ನು ಕೈಬಿಟ್ಟಿತು. ಅರಿಸ್ಟೊಲೋಕಿಯಾದ ಕುಟುಂಬಕ್ಕೇ ಸೇರಿದ, ಹಳೆಯ ಮೇಲ್ದರ್ಜೆಯ ಷಿಷಿನ್ ಮಾತ್ರ ಉಳಿದಿದೆ. ಎಲೆಯಲ್ಲಿ ಆ ಆಮ್ಲ ಹೆಚ್ಚೆಂದು, 2005ರಿಂದ ಇಡೀ ಗಿಡದ ಬದಲು ಬೇರು, ಬೇರುಕಾಂಡಗಳಿಗಷ್ಟೇ ಅನುಮತಿ. ಕಷಾಯಕ್ಕೆ 1ರಿಂದ 3 ಗ್ರಾಂ.