ಬಿಸಿನೀರಿನ ಪೈಪ್ ಕೆಲಸ ಸರಿಯಾಗಿದೆಯಾ? ಪ್ಲಾಸ್ಟರ್‌ಗೆ ಮುಂಚೆಯೇ ನೋಡಿಕೊಳ್ಳಿ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಸೋಲಾರ್‌ನಿಂದ ಎರಡು ಬಚ್ಚಲುಮನೆಗೂ ಅಡುಗೆಮನೆಗೂ ಬಿಸಿನೀರಿನ ಪೈಪ್ ಎಳೆದಾಗಿದೆ. ಪ್ಲಂಬರ್ ಪರಿಚಯದವರೇ. ಆದರೆ ಅಲ್ಲಲ್ಲಿ ಪೈಪ್ ಸೊಟ್ಟಗಿದೆ, ಜಾಯಿಂಟ್‌ಗಳಲ್ಲಿ ಸಲ್ಯೂಷನ್ ಇಳಿದು ಒಣಗಿದೆ. ಮುಂದಿನ ವಾರ ಪ್ಲಾಸ್ಟರ್ ಶುರು. ಕೆಲಸ ಚೆನ್ನಾಗಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು?

ಉತ್ತರ: ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಪ್ಲಾಸ್ಟರ್ ಆಗಿ ಟೈಲ್ಸ್ ಕೂತ ಮೇಲೆ ಲೀಕ್ ಹುಡುಕಬೇಕಾದರೆ ಗೋಡೆ ಒಡೆಯಲೇಬೇಕು. ಅದಕ್ಕೇ ಹೇಳುತ್ತೇನೆ, ಪ್ರೆಶರ್ ಟೆಸ್ಟ್ (ಪೈಪಿನೊಳಗೆ ನೀರಿನ ಒತ್ತಡ ಏರಿಸಿ ಲೀಕ್ ನೋಡುವುದು) ಆಗುವವರೆಗೆ ಆ ಗೋಡೆಗಳಿಗೆ ಗಾರೆಯವರನ್ನು ಬಿಡಬೇಡಿ. ಎರಡು ದಿನ ತಡವಾದರೂ ಪರವಾಗಿಲ್ಲ.

"ಟ್ಯಾಂಕ್ ತುಂಬಿಸಿ ನೀರು ಬಿಟ್ಟು ನೋಡಿದ್ದೀವಿ, ಎಲ್ಲೂ ಲೀಕ್ ಇಲ್ಲ" ಎಂದು ಪ್ಲಂಬರ್ ಹೇಳಬಹುದು. ಅದು ಸಾಲದು. 10 ಮೀಟರ್ ಎತ್ತರದಿಂದ ಇಳಿಯುವ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಅಷ್ಟೇ. ಒಂದು ಮಹಡಿ ಮನೆಯಲ್ಲಿ ಅಷ್ಟೂ ಬರುವುದಿಲ್ಲ. ಅರೆಬರೆ ಅಂಟಿದ ಜಾಯಿಂಟ್ ಕೂಡ ಇಷ್ಟು ಒತ್ತಡವನ್ನು ಕೆಲವು ತಿಂಗಳು ತಡೆದುಕೊಂಡು ಬಿಡುತ್ತದೆ.

ಟೆಸ್ಟ್ ಮಾಡಿಸುವುದು ಹೀಗೆ. ಎಲ್ಲ ನಲ್ಲಿ ಪಾಯಿಂಟ್‌ಗಳಿಗೂ ಡಮ್ಮಿ (ಬಾಯಿ ಮುಚ್ಚುವ ಪ್ಲಗ್) ಹಾಕಿಸಿ. ಲೈನಿನ ತುಂಬ ನೀರು ತುಂಬಿಸಿ, ಮೇಲಿನ ಪಾಯಿಂಟಿನಿಂದ ಗಾಳಿ ಪೂರ್ತಿ ಹೊರಗೆ ಬಿಡಿಸಿ. ಒಳಗೆ ಗಾಳಿ ಉಳಿದರೆ ಗೇಜ್ ಮುಳ್ಳನ್ನು ನಂಬೋಕಾಗಲ್ಲ. ಆಮೇಲೆ ಕೈಪಂಪಿನಿಂದ 10 ಕೆ.ಜಿ.ವರೆಗೆ ಏರಿಸಿ, ವಾಲ್ವ್ ಮುಚ್ಚಿ, ಒಂದು ಗಂಟೆ ಬಿಡಿ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಟಿಶ್ಯೂ ಪೇಪರ್ ಹಿಡಿದು ಒಂದೊಂದೇ ಜಾಯಿಂಟ್ ಒರೆಸುತ್ತಾ ಹೋಗಿ, ಒದ್ದೆಯಾದ ಕಡೆ ಲೀಕ್ ಸಿಕ್ಕಿತು. ಕೊನೆಯ ಜಾಯಿಂಟ್ ಅಂಟಿಸಿ ಒಂದು ದಿನವಾದರೂ ಕಳೆದಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ, ಡಿಸೆಂಬರ್ ಚಳಿಯಲ್ಲಿ ಸಲ್ಯೂಷನ್ ಬೇಗ ಗಟ್ಟಿಯಾಗುವುದಿಲ್ಲ, ಆಗ ಎರಡು ದಿನ ಬಿಟ್ಟರೆ ಒಳ್ಳೆಯದು. ಇನ್ನೊಂದು ಮಾತು ಮರೆಯಬೇಡಿ. ಸೋಲಾರ್ ಟ್ಯಾಂಕ್ ಕೂರಿಸಿದ್ದರೆ ಟೆಸ್ಟ್ ಹೊತ್ತಿನಲ್ಲಿ ಲೈನಿನಿಂದ ಬಿಚ್ಚಿಸಿ. ಸಾಮಾನ್ಯ ಸೋಲಾರ್ ಟ್ಯಾಂಕ್ ಇಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ಇನ್ನು ಕಣ್ಣಿಗೆ ಕಾಣುವುದರ ವಿಚಾರ. ಪೈಪ್ ಸ್ವಲ್ಪ ಸೊಟ್ಟಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಲವಂತವಾಗಿ ಎಳೆದು ಎಲ್ಬೋಗೆ (ತಿರುವಿನ ಜೋಡಣೆ ತುಂಡಿಗೆ) ಸಿಕ್ಕಿಸಿದ್ದರೆ ಮಾತ್ರ ತೊಂದರೆ, ಆ ಬಿಗಿತ ಯಾವಾಗಲೂ ಜಾಯಿಂಟ್ ಮೇಲೇ ಇರುತ್ತದೆ. ಸಲ್ಯೂಷನ್ ಅಂಚಿನ ಸುತ್ತ ತೆಳ್ಳಗೆ ಉಂಗುರದ ಹಾಗೆ ಕಾಣುವುದು ಒಳ್ಳೆಯ ಗುರುತು. ಸುತ್ತಲೂ ತಾಗಿದೆ ಅಂತ ಅರ್ಥ. ಒಂದು ಕಡೆ ಗಡ್ಡೆ ಕಟ್ಟಿ, ಇನ್ನೊಂದು ಕಡೆ ಒಣಗಿದ್ದರೆ ಅಲ್ಲಿ ಅನುಮಾನ ಪಡಿ.

ಜಾಯಿಂಟಿಗಿಂತ ಜಾಸ್ತಿ ಹೇಳುವುದು ನೆಲದ ಮೇಲೆ ಬಿದ್ದಿರುವ ತುಂಡುಗಳು. ಒಂದನ್ನು ಎತ್ತಿ ನೋಡಿ. ಮೈಮೇಲಿನ ಅಕ್ಷರಗಳಲ್ಲಿ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಎಂದೂ, ಅದರ ಭಾರತೀಯ ಗುಣಮಟ್ಟದ ಸಂಖ್ಯೆ ಐಎಸ್ 15778 ಎಂದೂ ಇರಬೇಕು. ಎಸ್‌ಡಿಆರ್ 11, ಎಸ್‌ಡಿಆರ್ 13.5 ಅಂತ ಎರಡು ದಪ್ಪ ಬರುತ್ತವೆ, 11ರ ಪೈಪಿನ ಗೋಡೆ ಹೆಚ್ಚು ದಪ್ಪ. ಬಿಸಿನೀರಿಗೆ ಅದನ್ನೇ ಕೇಳಿ. ಐಎಸ್ 4985 ಎಂದಿದ್ದರೆ ಅದು ತಣ್ಣೀರಿನ ಪಿವಿಸಿ. ಸಿಪಿವಿಸಿ ಸುಮಾರು 93 ಡಿಗ್ರಿವರೆಗೆ ತಡೆದರೆ, ಪಿವಿಸಿ 60 ಡಿಗ್ರಿ ಹತ್ತಿರಕ್ಕೇ ಮೆತ್ತಗಾಗುತ್ತದೆ. ಬಿಸಿನೀರಿನ ಲೈನಿನಲ್ಲಿ ಪಿವಿಸಿ ಒಂದಡಿ ಸಿಕ್ಕರೂ ಬಿಚ್ಚಿಸಿ. ಈಗ ತುಂಡಿನ ತುದಿ ನೋಡಿ. ನೇರವಾಗಿ ಕತ್ತರಿಸಿದ್ದಾರಾ? ಒಳಗಂಚಿನಲ್ಲಿ ಬ್ಲೇಡ್ ಎಬ್ಬಿಸಿದ ಪ್ಲಾಸ್ಟಿಕ್ ಚೂರು ನೇತಾಡುತ್ತಿದೆಯಾ? ಬಿಸಾಡಿದ ತುಂಡು ಹೇಗಿದೆಯೋ ಗೋಡೆಯೊಳಗಿನ ತುದಿಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸಲ್ಯೂಷನ್ ಡಬ್ಬಿಯನ್ನೂ ತಿರುಗಿಸಿ ನೋಡಿ. ಪಿವಿಸಿ ಸಲ್ಯೂಷನ್ ಬಿಸಿನೀರಿನ ಲೈನಿಗೆ ಆಗುವುದಿಲ್ಲ.

ತಣ್ಣೀರಿನಲ್ಲಿ ಟೆಸ್ಟ್ ಪಾಸಾದರೂ ಬಿಸಿನೀರು ಹರಿದ ಮೇಲೆ ಕೆಡುವ ಲೈನುಗಳಿವೆ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಸಿಪಿವಿಸಿ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. 10 ಮೀಟರ್ ಉದ್ದದ ಪೈಪ್ 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಬೆಳಿಗ್ಗೆ ಸ್ನಾನದ ಹೊತ್ತಿಗೆ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ದಿನವೂ ಇದೇ. ತಾರಸಿ ಮೇಲೆ ಉದ್ದಕ್ಕೆ ನೇರವಾಗಿ ಎಳೆದು ಎಲ್ಲ ಕ್ಲಾಂಪ್‌ಗಳನ್ನೂ ಬಿಗಿಯಾಗಿ ಹಿಡಿಸಿದ್ದರೆ, ಆ ಎಳೆತವೆಲ್ಲ ತುದಿಯ ಎಲ್ಬೋ ಮೇಲೆ ಬೀಳುತ್ತದೆ. ಕ್ಲಾಂಪ್ ಒಳಗೆ ಪೈಪ್ ಕೈಯಲ್ಲಿ ತಳ್ಳಿದರೆ ಹಿಂದೆ ಮುಂದೆ ಜಾರಬೇಕು. ಉದ್ದದ ಓಟದ ಮಧ್ಯೆ ಒಂದು ತಿರುವು ಇರಬೇಕು. ಸ್ಲ್ಯಾಬ್ ತೂರಿ ಇಳಿಯುವ ಕಡೆ ಕಾಂಕ್ರೀಟ್ ನೇರವಾಗಿ ಪೈಪನ್ನು ಕಚ್ಚಿ ಹಿಡಿಯದಂತೆ ಹೊರಗೊಂದು ದೊಡ್ಡ ಪೈಪಿನ ತುಂಡು ತೊಡಿಸಿರಬೇಕು.

ತಾರಸಿಗೆ ಹತ್ತಿದಾಗಲೇ ಇನ್ನೆರಡು ನೋಡಿಕೊಂಡು ಬನ್ನಿ. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಎದ್ದಿರುವ ಗಾಳಿ ಪೈಪ್ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಅದರ ಬಾಯಿಗೆ ಮುಚ್ಚಳವಾಗಲಿ ವಾಲ್ವ್ ಆಗಲಿ ಇರಬಾರದು. ಇದು ಮನೆಯವರ ಸುರಕ್ಷತೆಯ ವಿಷಯ. ಬಿಸಿಲಿಗೆ ತೆರೆದ ಸಿಪಿವಿಸಿ ಬರಬರುತ್ತಾ ಬಣ್ಣಗೆಟ್ಟು ಪೆಡಸಾಗುತ್ತದೆ, ಅದಕ್ಕೆ ಕಪ್ಪು ರಬ್ಬರಿನ ಇನ್ಸುಲೇಷನ್ ಸುತ್ತಿ ಮೇಲೆ ಟೇಪ್ ಹಾಕಿಸಿ.

"ದಪ್ಪ ಪೈಪ್ ಹಾಕಿದ್ದೀವಿ, ನೀರು ಜೋರಾಗಿ ಬರುತ್ತೆ" ಅಂದರೆ ಖುಷಿಪಡಬೇಡಿ. 15 ಮೀಟರ್ ದೂರಕ್ಕೆ ಮುಕ್ಕಾಲಿಂಚಿನ ಪೈಪಿನಲ್ಲಿ ಸುಮಾರು 4 ಲೀಟರ್ ನೀರು ನಿಂತಿರುತ್ತದೆ, ಒಂದಿಂಚಿನದರಲ್ಲಿ 6 ಲೀಟರ್ ದಾಟುತ್ತದೆ. ಬಿಸಿನೀರು ಬರುವ ಮುಂಚೆ ಅಷ್ಟೂ ತಣ್ಣೀರು ಸುಮ್ನೆ ಚರಂಡಿಗೆ.

ಮಲೆನಾಡಿನ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರೋಕಾಗಲ್ಲ ಅಲ್ವಾ? ಅದಕ್ಕೇ ಬಹಳ ಮನೆಗಳಲ್ಲಿ ಸೌದೆ ಬಾಯ್ಲರನ್ನೂ ಅದೇ ಲೈನಿಗೆ ಸೇರಿಸುತ್ತಾರೆ. ಸೌದೆ ಉರಿ ಸೋಲಾರ್ ಹಾಗಲ್ಲ, ನೀರು ಕುದಿಯುವ ಮಟ್ಟಕ್ಕೆ ಹೋಗುತ್ತದೆ. 93 ಡಿಗ್ರಿ ದಾಟಿದ ಮೇಲೆ ಸಿಪಿವಿಸಿ ಕೈಕೊಡುತ್ತದೆ. ಬಾಯ್ಲರ್‌ನಿಂದ ಹೊರಡುವ ಮೊದಲ ಭಾಗ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರದ್ದೇ ಇರಲಿ. ಬಾಯ್ಲರಿಗೂ ತೆರೆದ ಗಾಳಿ ಪೈಪ್ ಬೇಕೇ ಬೇಕು. ಬಯಲು ಸೀಮೆಯ ಕಡೂರು, ಅರಸೀಕೆರೆಯಲ್ಲಿ ತೊಂದರೆ ಬೇರೆ. ಅಲ್ಲಿ ಗಡಸು ಬೋರ್ ನೀರಿನ ಸುಣ್ಣ ಬಿಸಿಲೈನಿನಲ್ಲಿ ಕಟ್ಟುತ್ತದೆ. ಬಿಚ್ಚಿ ತೊಳೆಯಲು ಟ್ಯಾಂಕಿನ ಹತ್ತಿರ ಯೂನಿಯನ್ (ಕತ್ತರಿಸದೆ ಬಿಚ್ಚಿ ಮತ್ತೆ ಜೋಡಿಸಬಹುದಾದ ಜಾಯಿಂಟ್) ಹಾಕಿಸಿ.

ಪರಿಚಯದವರನ್ನು ಕೇಳೋದು ಹೇಗೆ ಎಂಬ ಸಂಕೋಚ ಬೇಡ. "ಅಣ್ಣ, ಪ್ಲಾಸ್ಟರ್‌ಗೆ ಮುಂಚೆ ಒಂದ್ಸಲ ಪ್ರೆಶರ್ ಟೆಸ್ಟ್ ಮಾಡಿಬಿಡೋಣ, ಪಂಪಿನ ಬಾಡಿಗೆ ನಾವು ಕೊಡ್ತೀವಿ" ಅನ್ನಿ. ತನ್ನ ಕೆಲಸದ ಮೇಲೆ ನಂಬಿಕೆ ಇರುವ ಪ್ಲಂಬರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಯ ಕಂತಿನ ದುಡ್ಡನ್ನು ಟೆಸ್ಟ್ ಆದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಂಡಿದ್ದರೆ ಇನ್ನೂ ಸಲೀಸು.

ಟೆಸ್ಟ್ ಪಾಸಾದ ದಿನವೇ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ನೆಲದಿಂದ ಮತ್ತು ಮೂಲೆಯಿಂದ ಪೈಪ್ ಎಷ್ಟು ದೂರ ಇದೆ ಎಂದು ಟೇಪ್ ಹಿಡಿದು ಫೋಟೊದಲ್ಲಿ ಕಾಣಿಸಿ. ಮುಂದೆ ಕನ್ನಡಿ, ಟವೆಲ್ ರಾಡ್ ಹಾಕುವವರು ಡ್ರಿಲ್ ಹಿಡಿದು ಬಂದಾಗ ಅದನ್ನು ತೋರಿಸಿ.