ಬೋಲ್ಟ್ ಎಷ್ಟು ಟೈಟ್ ಮಾಡಿದ್ರೂ ಆಯಿಲ್ ಸೋರೋದು ನಿಲ್ತಿಲ್ಲ, ಯಾಕೆ?

ಪ್ರಶ್ನೆ: ನನ್ನದು 1998ರ ಮಾರುತಿ 800. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಆಯಿಲ್ ಕಲೆ ಇರುತ್ತದೆ. ಗ್ಯಾರೇಜಿನಲ್ಲಿ ಎರಡು ಸಲ ಬೋಲ್ಟ್ ಟೈಟ್ ಮಾಡಿಕೊಟ್ಟರು. ವಾರ ಸರಿ ಇತ್ತು, ಮತ್ತೆ ಶುರುವಾಯಿತು. ಇನ್ನೂ ಗಟ್ಟಿಯಾಗಿ ಟೈಟ್ ಮಾಡಿಸಬೇಕಾ?

ಬೇಡ. ಮೊದಲು ಆ ಪಾನಾ ಕೆಳಗಿಡಿ.

ಆಯಿಲ್ ತಡೆಯೋದು ಬೋಲ್ಟ್ ಅಲ್ಲ, ಅದರ ಕೆಳಗಿರುವ ಪ್ಯಾಕಿಂಗ್, ಅಂದರೆ ಎರಡು ಭಾಗಗಳ ನಡುವೆ ಕೂರುವ ರಬ್ಬರ್ ಅಥವಾ ಕಾರ್ಕ್ ಪಟ್ಟಿ. ಬೋಲ್ಟ್ ಅದನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಇಪ್ಪತ್ತು ವರ್ಷ ಬಿಸಿಯಾಗಿ ತಣ್ಣಗಾಗಿ ರಬ್ಬರ್ ಪ್ಯಾಕಿಂಗ್ ಬಳೆಯ ಹಾಗೆ ಗಡಸಾಗುತ್ತದೆ, ಕಾರ್ಕ್ ಆದರೆ ಕುಗ್ಗುತ್ತದೆ. ಪ್ಯಾಕಿಂಗ್ ತೆಳುವಾದರೆ ಮೇಲಿನ ಬೋಲ್ಟ್ ತಾನಾಗಿಯೇ ಸಡಿಲ. ನಿಮ್ಮ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದು ಆ ಸಡಿಲ ಬೋಲ್ಟ್. ಒತ್ತಿದಾಗ ವಾರ ತಡೆಯಿತು, ಆಮೇಲೆ ಮತ್ತೆ ಸೋರಿತು.

ಜಾಸ್ತಿ ಒತ್ತಿದರೆ ಇನ್ನೂ ಕೆಡುತ್ತದೆ. ತಗಡಿನ ಕವರ್ ಆದರೆ ಬೋಲ್ಟ್ ಇರುವಲ್ಲಿ ತಗ್ಗಾಗಿ, ಎರಡು ಬೋಲ್ಟ್ ನಡುವೆ ಉಬ್ಬುತ್ತದೆ. ಆ ಉಬ್ಬಿನಿಂದಲೇ ಆಯಿಲ್ ಹೊರಗೆ. ಇನ್ನೊಂದು ಅಪಾಯ ನಾನೇ ಮಾಡಿಕೊಂಡಿದ್ದು. ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ, ಸಣ್ಣ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ‘ಇನ್ನೊಂಚೂರು’ ಅಂತ ಎಳೆದೆ. ಶಬ್ದ ಏನೂ ಬರಲಿಲ್ಲ. ಕೈ ಇದ್ದಕ್ಕಿದ್ದಂತೆ ಹಗುರಾಯಿತು, ಬೆಣ್ಣೆಯಲ್ಲಿ ತಿರುಗಿದ ಹಾಗೆ. ಬೋಲ್ಟ್ ತೆಗೆದು ನೋಡಿದರೆ ಅದಕ್ಕೆ ಬೆಳ್ಳಿ ತಂತಿಯಂತೆ ಏನೋ ಸುತ್ತಿಕೊಂಡಿತ್ತು. ಆ ಕವರಿನ ಕೆಳಗಿರುವ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತು ಬಂದಿತ್ತು! ಲೇತ್ ಅಂಗಡಿಯಲ್ಲಿ ತೂತು ದೊಡ್ಡದು ಮಾಡಿಸಿ, ಹೆಲಿಕಾಯಿಲ್ ಅನ್ನೋ ಸ್ಟೀಲ್ ಸುರುಳಿ ಕೂರಿಸಬೇಕಾಯಿತು. 6 ಎಂಎಂ ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಬಿಗಿ ಸಾಕು. ಪ್ಯಾಕಿಂಗ್ ಮೇಲೆ ಕೂತ ಕವರಿಗೆ ಅದಕ್ಕಿಂತಲೂ ಕಡಿಮೆ. ಗಿಡ್ಡ ಪಾನಾವನ್ನು ಮೂರು ಬೆರಳಲ್ಲಿ ಹಿಡಿದು ತಿರುಗಿಸಿ. ಮುಷ್ಟಿ ಕಟ್ಟಿದಿರೋ, ಜಾಸ್ತಿಯಾಯಿತು ಅಂತ ಲೆಕ್ಕ.

ಈಗ ಸೋರುವ ಜಾಗ. ಹನಿ ಬಿದ್ದಲ್ಲಿ ತೂತು ಇರುವುದು ಅಪರೂಪ. ಆಯಿಲ್ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಿಯುತ್ತದೆ. ಚೇಂಬರ್, ಅಂದರೆ ಎಂಜಿನ್ನಿನ ತಳದ ಆಯಿಲ್ ತಟ್ಟೆ, ಒದ್ದೆ ಇದೆ ಅಂತ ಚೇಂಬರ್ ಪ್ಯಾಕಿಂಗ್ ಬದಲಿಸಿ, ಆಮೇಲೆ ತಪ್ಪು ಮೇಲಿನ ಟ್ಯಾಪೆಟ್ ಕವರಿನದು ಅಂತ ಗೊತ್ತಾದವರು ಬೇಕಾದಷ್ಟು ಜನ. ತಣ್ಣಗಿರುವಾಗ ಎಂಜಿನ್ನನ್ನು ಡೀಸೆಲ್ಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪೂರ್ತಿ ಆರಲು ಬಿಡಿ. ಸೈಲೆನ್ಸರ್ ಕಡೆ ಡೀಸೆಲ್ ಉಳಿಯಬಾರದು. ಆಮೇಲೆ ಅನುಮಾನ ಇರುವ ಕಡೆ ಮಕ್ಕಳ ಪೌಡರ್ ಉದುರಿಸಿ. ಬೆಲ್ಟುಗಳ ಹತ್ತಿರ ಬೇಡ. ಹತ್ತು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡಿರುತ್ತದೆ. ಗೆರೆಯ ಮೇಲ್ತುದಿಯೇ ನಿಮಗೆ ಬೇಕಾದ ಜಾಗ.

800ರಲ್ಲಿ ನಾನು ಮೊದಲು ನೋಡೋದು ಟ್ಯಾಪೆಟ್ ಕವರ್. ಆಮೇಲೆ ಹೆಡ್ಡಿನ ತುದಿಗೆ ಕೂತ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಅಂದರೆ ಗ್ಯಾರೇಜಿನವರ ಡೆಲ್ಕೋ. ಅಲ್ಲಿನ ಸಣ್ಣ ರಬ್ಬರ್ ರಿಂಗ್ ಗಡಸಾದರೆ ಆಯಿಲ್ ಹಿಂಬದಿಯಿಂದ ಇಳಿದು ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ನೋಡಿದವರು ಎಂಜಿನ್ನಿನ ಮುಖ್ಯ ಶಾಫ್ಟಿನ ಕ್ರ್ಯಾಂಕ್ ಸೀಲೇ ಹೋಗಿದೆ ಅಂದುಬಿಡುತ್ತಾರೆ. ಆ ಸೀಲಿಗೆ ಗೇರ್‌ಬಾಕ್ಸ್ ಇಳಿಸಬೇಕು, ದೊಡ್ಡ ಕೂಲಿ. ರಿಂಗಿನದು ಚಿಲ್ಲರೆ ಖರ್ಚು. ಆಯಿಲ್ ಪ್ರೆಶರ್ ಸ್ವಿಚ್ಚನ್ನೂ ಒದ್ದೆ ಇದೆಯಾ ಅಂತ ಒಮ್ಮೆ ಮುಟ್ಟಿ ನೋಡಿ.

ಪ್ಯಾಕಿಂಗ್ ಹೊಸದು ಹಾಕಿಯೂ ಸೋರಿದರೆ ಎಂಜಿನ್ನಿನ ಉಸಿರು ಕಟ್ಟಿದೆ ಅಂತ ಅನುಮಾನಿಸಿ. ಒಳಗಿನ ಗ್ಯಾಸ್ ಹೊರಹೋಗುವ ಬ್ರೀದರ್ ಪೈಪು ಮಸಿ ಕಟ್ಟಿಕೊಂಡರೆ ಒತ್ತಡ ಏರಿ, ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ಪೈಪು ಬಿಚ್ಚಿ ತೊಳೆಯಿರಿ. ಆ ಗ್ಯಾಸನ್ನು ಎಂಜಿನ್ನಿಗೇ ವಾಪಸ್ ಬಿಡುವ ಪಿಸಿವಿ ವಾಲ್ವ್ ಇದ್ದರೆ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಟಕಟಕ ಅನ್ನಬೇಕು.

ಕವರ್ ಕೂರಿಸುವಾಗ ಹಳೇ ಪ್ಯಾಕಿಂಗ್ ಚೂರು ಉಳಿಯದಂತೆ ಕೆರೆಯಿರಿ. ಹೆಡ್ಡಿನ ಮೇಲೆ ಸ್ಕ್ರೂಡ್ರೈವರ್ ಬೇಡ, ಗೀರಾಗುತ್ತದೆ. ಮರದ ಚೂರು ಸಾಕು. ಕವರಿನ ಅಂಚು ಸೊಟ್ಟಗಿದ್ದರೆ ಹಲಗೆ ಮೇಲಿಟ್ಟು ಮೆಲ್ಲಗೆ ತಟ್ಟಿ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗಬೇಡಿ. ಟ್ಯೂಬಿನ ಸಿಲಿಕಾನ್ ಅಂಟನ್ನು ಮೂಲೆಗಳಿಗೆ ಮಾತ್ರ, ಅಕ್ಕಿ ಕಾಳಿನಷ್ಟು. ಸುಮ್ನೆ ಧಾರಾಳವಾಗಿ ಬಳಿದರೆ ಒಳಗೆ ಉಕ್ಕಿದ್ದು ಕಳಚಿ ಆಯಿಲ್ ಜಾಲರಿಗೆ ಹೋಗಿ ಕೂರುತ್ತದೆ.

ಹೆಡ್ ಬೋಲ್ಟುಗಳ ತಂಟೆಗೆ ಮಾತ್ರ ಹೋಗಬೇಡಿ. ಅವಕ್ಕೆ ಬಿಗಿ ಅಳೆಯುವ ಟಾರ್ಕ್ ರೆಂಚೂ ಕಂಪನಿ ಹೇಳಿದ ಕ್ರಮವೂ ಬೇಕು.

ಇಷ್ಟೆಲ್ಲಾ ಆದಮೇಲೂ ವಾರಕ್ಕೆ ಎರಡು ಹನಿ ಬಿದ್ದರೆ ನಾನಾದರೆ ಒಂದು ರಟ್ಟು ಹಾಸಿ ಸುಮ್ಮನಿರುತ್ತೇನೆ. ಆದರೆ ಹನಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ, ವಾಸನೆ ಬಂದರೆ ಬೆಂಕಿಯ ಅಪಾಯ ಇದೆ. ಟೈಮಿಂಗ್ ಬೆಲ್ಟಿಗೆ ತಾಗುತ್ತಿದ್ದರೆ ಬೆಲ್ಟ್ ಕೆಡುತ್ತದೆ. ಇವೆರಡನ್ನು ಮುಂದೂಡಬೇಡಿ. ನಿಮ್ಮ ಎಂಜಿನ್ನಿಗೆ ಹಿಡಿಯುವುದೇ ಹೆಚ್ಚೂಕಡಿಮೆ 3 ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಕಾಣದಂತೆ ಸೋರಿದರೆ ಏನು ಉಳಿಯಿತು? ಪ್ರತಿ ಭಾನುವಾರ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಡಿಪ್‌ಸ್ಟಿಕ್ ಎಳೆದು ಒಮ್ಮೆ ನೋಡಿಬಿಡಿ.