ಟೀಮ್ ಲೀಡ್ ಆದಿರಾ? ಮೊದಲು ಹಳೇ ಪುಸ್ತಕ ಓದಿ

ಸಾಫ್ಟ್‌ವೇರ್ ಕೆಲಸದಲ್ಲಿ ಹೊಸದಾಗಿ ಟೀಮ್ ಲೀಡ್ ಆದವರು ಏನು ಓದಲಿ ಅಂತ ಕೇಳಿದರೆ ನಾನು ಹೇಳೋದು 1975ರ ಪುಸ್ತಕ, ಫ್ರೆಡ್ ಬ್ರೂಕ್ಸ್ ಬರೆದ 'ದಿ ಮಿಥಿಕಲ್ ಮ್ಯಾನ್-ಮಂತ್'. ಎಐ ಬಗ್ಗೆ ಏನಾದರೂ ಹೇಳ್ತೀನಿ ಅಂದುಕೊಂಡವರ ಮುಖ ಸಪ್ಪೆಯಾಗುತ್ತದೆ.

ಬ್ರೂಕ್ಸ್ ಐಬಿಎಂನಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸ ನಡೆಸಿದವರು. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂದರು. ಮಾತು ಎಲ್ಲರಿಗೂ ಗೊತ್ತು, 'ಯಾಕೆ ಹಾಗೆ?' ಅಂತ ಕೇಳಿದರೆ ತಡವರಿಸುತ್ತಾರೆ. ಲೆಕ್ಕ ಸುಲಭ. 5 ಜನರ ಟೀಮ್‌ನಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿ 10. ಜನ 10 ಆದರೆ ಜೋಡಿ 45. ಇನ್ನು ಹೊಸಬರಿಗೆ ಕೋಡ್ ಅರ್ಥ ಮಾಡಿಸೋರು ಯಾರು? ಕೆಲಸ ಬಲ್ಲ ಹಳಬರೇ ತಾನೇ, ಅಂದರೆ ಡೆಡ್‌ಲೈನ್ ಹತ್ತಿರ ಬಂದಾಗ ಯಾರ ಸಮಯ ನಿಮಗೆ ಎಲ್ಲಕ್ಕಿಂತ ಜಾಸ್ತಿ ಬೇಕೋ ಅವರ ಸಮಯವೇ ಮೊದಲು ಹೋಗುತ್ತದೆ. 'ಇನ್ನೂ ನಾಲ್ಕು ಜನ ಕೊಡ್ತೀವಿ' ಅಂತ ಮ್ಯಾನೇಜರ್ ಬಂದಾಗ, ಜನ ಬೇಡ, ಸ್ಕೋಪ್ (ಮಾಡಬೇಕಾದ ಕೆಲಸದ ವ್ಯಾಪ್ತಿ) ಕಡಿಮೆ ಮಾಡಿ ಅನ್ನೋಕೆ ಈ ಲೆಕ್ಕ ಕೈಯಲ್ಲಿರಬೇಕು. (ತಲೆ ಎಣಿಸಿ ಬಿಲ್ ಮಾಡುವ ಸರ್ವೀಸ್ ಕಂಪನಿಯಲ್ಲಿ ಹೀಗೆ ಹೇಳೋಕೆ ಧೈರ್ಯವೂ ಬೇಕು.)

ಕೊಳ್ಳೋದಾದರೆ 1995ರ ಆವೃತ್ತಿ ಕೊಳ್ಳಿ. ಅದರಲ್ಲಿ 'ನೋ ಸಿಲ್ವರ್ ಬುಲೆಟ್' ಅನ್ನೋ 1986ರ ಲೇಖನವೂ ಇದೆ. ಏನು ಕಟ್ಟಬೇಕು ಅಂತ ತೀರ್ಮಾನಿಸೋದೇ ಕಷ್ಟದ ಭಾಗ, ಕೋಡ್ ಬರೆಯೋದಲ್ಲ ಅನ್ನೋ ವಾದ ಅದು. ಈಗ ಎಐ ಕೋಡ್ ಬರೆದುಕೊಡುವಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೆಮೊರಿ ಉಳಿಸುವ ಅಧ್ಯಾಯ ಸುಮ್ನೆ ಬಿಟ್ಟುಬಿಡಿ.

ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ನಿಮ್ಮ ತಲೆಗೆ ಬಂದಿದ್ದರೆ, ಮೈಕೆಲ್ ಫೆದರ್ಸ್ ಅವರ 'ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್' (2004). ಟೆಸ್ಟ್ (ಕೋಡ್ ಸರಿಯಾಗಿದೆಯಾ ಅಂತ ತಾನೇ ನೋಡುವ ಕೋಡ್) ಇಲ್ಲದ ಕೋಡೇ ಲೆಗಸಿ ಅಂತಾರೆ ಅವರು, ನಿನ್ನೆ ಬರೆದದ್ದಾದರೂ ಸರಿ. ಟೈಮ್ ಇಲ್ಲ, ಆದರೂ ಬದಲಾಯಿಸಬೇಕು; ಈ ಕ್ಲಾಸ್ ತುಂಬಾ ದೊಡ್ಡದಾಗಿದೆ; ಅಧ್ಯಾಯಗಳ ಹೆಸರೇ ಹೀಗೆ ನಮ್ಮ ಗೋಳಿನ ಥರ ಇವೆ. ಮೊದಲಿನಿಂದ ಕೊನೆವರೆಗೆ ಓದಬೇಡಿ, ನಿಮ್ಮ ಗೋಳು ಹುಡುಕಿ ಆ ಅಧ್ಯಾಯ ಓದಿ.

ಡೇಟಾಬೇಸ್ ಕೆಲಸಕ್ಕೆ ಮಾರ್ಟಿನ್ ಕ್ಲೆಪ್‌ಮನ್ ಅವರ 2017ರ ಪುಸ್ತಕ, 'ಡಿಸೈನಿಂಗ್ ಡೇಟಾ-ಇಂಟೆನ್ಸಿವ್ ಅಪ್ಲಿಕೇಶನ್ಸ್'. ದಪ್ಪ ಇದೆ. ಟ್ರಾನ್ಸಾಕ್ಷನ್ (ಹಲವು ಬದಲಾವಣೆ ಒಟ್ಟಿಗೇ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನೋ ವ್ಯವಸ್ಥೆ) ಅಧ್ಯಾಯ ಮಾತ್ರ ತಪ್ಪಿಸಬೇಡಿ.

'ಕ್ಲೀನ್ ಕೋಡ್' (2008) ಒಂದನ್ನೇ ಕೊಡೋಕೆ ನನಗೆ ಮನಸ್ಸಿಲ್ಲ. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಚಿಕ್ಕದಾಗಿರಲಿ, ಇನ್ನೂ ಚಿಕ್ಕದಾಗಿರಲಿ ಅನ್ನುತ್ತದೆ ಅದು. ಜಾನ್ ಔಸ್ಟರ್‌ಹೌಟ್ 2018ರಲ್ಲಿ ಬರೆದ 'ಎ ಫಿಲಾಸಫಿ ಆಫ್ ಸಾಫ್ಟ್‌ವೇರ್ ಡಿಸೈನ್' ಇದನ್ನು ಒಪ್ಪೋದಿಲ್ಲ, ಅತಿಯಾಗಿ ಒಡೆದರೆ ಓದೋದೇ ಕಷ್ಟ ಅನ್ನುತ್ತದೆ. ಎರಡನ್ನೂ ಟೀಮ್‌ಗೆ ಕೊಟ್ಟು, ನಿಮ್ಮದೇ ಕೋಡ್ ಮುಂದಿಟ್ಟುಕೊಂಡು ಜಗಳ ಆಡಿ.